ಹೊತ್ತಿಗೆ ಮುಟ್ಟುವ ಸೈಕಲ್ಲು

ಶೇಡಬಾಳದ ಜಿನಮತಿ ಮುದುಕಿ ಹೊತ್ತು ಮುಳುಗಿದ ಮೇಲೆ ಒಂದು ಕಾಳು ಬಾಯಿಗೆ ಹಾಕಿಕೊಂಡವಳಲ್ಲ. ಅದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ, ಬಿಡಿ. ಆ ಓಣಿಯ ಜೈನರ ಮನೆಗಳಲ್ಲೆಲ್ಲ ಸಂಜೆ ಆರಕ್ಕೆ ಒಲೆ ತಣ್ಣಗಾಗಿರುತ್ತದೆ. ದೊಡ್ಡ ಫಜೀತಿ ಇದ್ದದ್ದು ಮುದುಕಿಯ ಇನ್ನೊಂದು ಹಟದಲ್ಲಿ. ಸೊಸೆ ತ್ರಿಶಲಾ ಎದುರಿಗೆ ಕೂತು ಉಣ್ಣದೆ ಅವಳು ಉಣ್ಣುತ್ತಿರಲಿಲ್ಲ. ಗಂಡಸರ ಊಟವಾದ ಮೇಲೆ ಅತ್ತೆ ಸೊಸೆ ಎದುರುಬದುರಾಗಿ ಕೂತು ಉಣ್ಣುವುದು ಆ ಮನೆಯಲ್ಲಿ ಇಪ್ಪತ್ತೆರಡು ವರ್ಷದ ರೂಢಿ.

ತ್ರಿಶಲಾ ನೌಕರಿಗೆ ಸೇರಿದ್ದೇ ತಡ, ರೂಢಿಗೆ ಕಲ್ಲು ಬಿತ್ತು. ಶಿರಗುಪ್ಪಿಯ ಹತ್ತಿರ ಒಂದು ಕಬ್ಬಿನ ಸಸಿಯ ನರ್ಸರಿ. ಒಂಟಿಕಣ್ಣಿನ, ಅಂದರೆ ಒಂದೇ ಮೊಳಕೆಯ, ಕಬ್ಬಿನ ತುಂಡು ಕತ್ತರಿಸಿ, ಟ್ರೇಯಲ್ಲಿ ನೆಟ್ಟು, ಸಸಿ ಎಬ್ಬಿಸಿ ರೈತರಿಗೆ ಕೊಡುವ ಕೆಲಸ. ಹದಿನೆಂಟು ಹೆಂಗಸರ ಮೇಲೆ ತ್ರಿಶಲಾ ಸೂಪರ್‌ವೈಜರ್. ನಲವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ಜನ ಅವಳನ್ನು "ಭಾವುಸಾಹೇಬರ ಮನಿಯಾಕಿ" ಅನ್ನದೆ "ತ್ರಿಶಲಾ ಮೇಡಂ" ಅಂದಿದ್ದರು. ಅದು ಅವಳಿಗೆ ಬಹಳ ಹಿಡಿಸಿತ್ತು. ಹಿಡಿಸಿತು ಅಂತ ಹೇಳಿಕೊಳ್ಳಲು ಅವಳಿಗೆ ನಾಚಿಕೆಯೂ ಇರಲಿಲ್ಲ.

ಐದಕ್ಕೆ ಕೆಲಸಕ್ಕೆ ಸುಟ್ಟಿ. ಆದರೆ ಬಸ್ಸು ಬರುವುದು ಅದರ ಮನಸ್ಸಿಗೆ ಬಂದಾಗ. ಬಂದರೂ ಕಬ್ಬಿನ ಸೀಜನ್ನಿನಲ್ಲಿ ಮುಂದೆ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳ ಸಾಲು. ದೀಪಾವಳಿ ಕಳೆದು ಹಗಲು ಗಿಡ್ಡವಾದಂತೆ ಅವಳು ಮನೆ ಮುಟ್ಟುವಾಗ ಬೀದಿದೀಪ ಹತ್ತಿರುತ್ತಿತ್ತು. ಒಂದೇ ವಾರದಲ್ಲಿ ನಾಲ್ಕು ಸಂಜೆ ಜಿನಮತಿ ನೀರನ್ನೂ ಮುಟ್ಟದೆ ಮಲಗಿದಳು. ಊಟದ ನಂತರ ನುಂಗಬೇಕಾದ ಬಿಪಿ ಗುಳಿಗೆ ಹಾಗೇ ಉಳಿಯಿತು.

"ನಾ ಅಲ್ಲೇ ಡಬ್ಬಿ ಬಿಚ್ಚಿ ಉಂಡು ಬರ್ತೀನ್ರಿ ಅತ್ತಿ. ನೀವು ಇಲ್ಲಿ ಉಣ್ರಿ," ಅಂದಳು ತ್ರಿಶಲಾ.

"ಉಂಡೆ ಅಂತ ನೀ ಹೇಳ್ತಿ. ನಾ ಏನ್ ನೋಡ್ಲಿಕ್ಕೆ ಬಂದೇನೇನು?" ಅಂದಳು ಮುದುಕಿ. "ನೀ ಉಪಾಸ ಇದ್ದೀ ಏನೋ ಅನ್ನೂ ಸಂಶೇದಾಗ ನನಗ ತುತ್ತ ಇಳಿಯೂದಿಲ್ಲ."

ಈ ಜಗಳದಲ್ಲಿ ಹೊತ್ತಿಗೆ ಸರಿಯಾಗಿ ಉಂಡು ಕೈ ತೊಳೆಯುತ್ತಿದ್ದವನು ತ್ರಿಶಲಾಳ ಗಂಡ ಭಾವುಸಾಹೇಬನೊಬ್ಬನೇ. ಐದೂವರೆಗೆ ದ್ರಾಕ್ಷಿ ತೋಟದಿಂದ ಬಂದು, ತನಗೆ ತಾನೇ ಬಡಿಸಿಕೊಂಡು, ತೇಗಿ ಏಳುತ್ತಿದ್ದ. ಶನಿವಾರ ಬೆಳಿಗ್ಗೆ ಅವನು ಕಡ್ಡಿ ಮುರಿದಂತೆ ಹೇಳಿಬಿಟ್ಟ.

"ವಯಸ್ಸಾದಾಕಿನ್ನ ಉಪಾಸ ಕೆಡವಿ ಮಾಡೂ ನೌಕರಿ ನಮಗ ಬೇಕಾಗಿಲ್ಲ. ಬಿಟ್ಟಬಿಡು."

ತ್ರಿಶಲಾಳಿಗೆ ಉರಿದುಹೋಯಿತು. ಆದರೆ ಅವನ ಮಾತಿನಲ್ಲಿ ಅತ್ತೆಯ ಹೊಟ್ಟೆಯೂ ಇತ್ತಲ್ಲ, ಅದಕ್ಕೆ ಎದುರಾಡುವುದು ಹೇಗೆ? ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತಳು. ಸೂರ್ಯಾಸ್ತ ಐದು ಐವತ್ತೊಂಬತ್ತು.

"ಒಂದು ವಾರ ಕೊಡ್ರಿ," ಅಂದಳು. "ಬರೂ ಸೋಮವಾರದಿಂದ ಶನಿವಾರ ಮಟ ಆರು ದಿವಸ. ಒಂದು ದಿವಸ ಹೊತ್ತು ಮುಳುಗಿದ ಮ್ಯಾಲ ಬಂದ್ರ ನಾನಽ ಬಿಡ್ತೀನಿ. ಆರೂ ದಿವಸ ಹೊತ್ತಿಗೆ ಬಂದೆ ಅಂದ್ರ ಮತ್ತ ಈ ಮಾತು ಎತ್ತಬಾರ್ದು."

"ವಿಮಾನದಾಗ ಬರ್ತಿ?"

"ಸೈಕಲ್ ಮ್ಯಾಲ ಬರ್ತೀನಿ."

ಭಾವುಸಾಹೇಬ ನಕ್ಕ. ನಗಲಿ. ಮನೆಯ ಸ್ಕೂಟಿಯನ್ನು ಮಗಳು ಮೇಘಾ ಮಿರಜದ ಕಾಲೇಜಿಗೆ ಒಯ್ದಿದ್ದಳು. ಹಾಗೆ ನೋಡಿದರೆ ಸ್ಕೂಟಿ ಇದ್ದರೂ ತ್ರಿಶಲಾ ಅದನ್ನು ಮುಟ್ಟುತ್ತಿರಲಿಲ್ಲ. ಒಮ್ಮೆ ಅದರ ಮೇಲಿಂದ ಬಿದ್ದು ಮೊಣಕೈ ಮುರಿದುಕೊಂಡಿದ್ದಳು. ಸೈಕಲ್ಲಿನ ಮಾತೇ ಬೇರೆ. ತವರಿನ ಕಬ್ಬೂರಿನಲ್ಲಿ ಲಂಗ ಎತ್ತಿ ಕಟ್ಟಿಕೊಂಡು ಗಂಡುಹುಡುಗರನ್ನು ಹಿಂದೆ ಹಾಕಿದವಳು ಅವಳು.

ದನದ ಕೊಟ್ಟಿಗೆಯಲ್ಲಿ, ಗೊಬ್ಬರದ ಚೀಲಗಳ ಹಿಂದೆ, ಮೇಘಾಳಿಗೆ ಎಂಟನೇ ಇಯತ್ತೆಯಲ್ಲಿ ಸರಕಾರ ಕೊಟ್ಟಿದ್ದ ಸೈಕಲ್ಲು ಒರಗಿತ್ತು. ಚೈನಿಗೆ ತುಕ್ಕು, ಸೀಟಿನ ಮೇಲೆ ಕೋಳಿ ಕೂತ ಗುರುತು, ಗಾಲಿಯಲ್ಲಿ ಹವಾ ಇಲ್ಲ. ಅದನ್ನು ತಳ್ಳಿಕೊಂಡು ಅವಳು ಸ್ಟೇಶನ್ ರಸ್ತೆಯ ಬೀರದೇವನ ಅಂಗಡಿಗೆ ಹೋದಳು.

ಬೀರದೇವ ಮೂವತ್ತು ವರ್ಷದಿಂದ ಸೈಕಲ್ ಮಿಸ್ತ್ರಿ. ಈಗ ಊರಿನವರೆಲ್ಲ ಮೋಟರ್‌ಸೈಕಲ್ ಹತ್ತಿ ಅವನನ್ನು ಬರೀ ಪಂಕ್ಚರಿಗೆ ಇಳಿಸಿದ್ದರು. ದೊಡ್ಡ ಹೆಂಗಸೊಬ್ಬಳು ದಿನಾ ನೌಕರಿಗೆ ಹೋಗಲು ಸೈಕಲ್ ತಯಾರು ಮಾಡಿಕೊಡು ಅಂದದ್ದು ಕೇಳಿ ಅವನಿಗೆ ಹಸಿದವನಿಗೆ ಹೋಳಿಗೆ ಸಿಕ್ಕಷ್ಟು ಖುಷಿಯಾಯಿತು.

"ಸಂಜಿ ಮಟ ಬಿಡ್ರಿ ವೈನಿ. ಮದಲಗಿತ್ತಿ ಮಾಡಿ ಕಳಸ್ತೀನಿ."

ಮಾಡಿದ. ಮುಂದೆ ಕಬ್ಬಿಣದ ದೊಡ್ಡ ಬುಟ್ಟಿ, ಹಿಂದೆ ಹಾಲಿನವರ ಕ್ಯಾರಿಯರ್, ಡಬಲ್ ಸ್ಟ್ಯಾಂಡ್, ಗಾಲಿಯ ಸುತ್ತ ಗಾರ್ಡ್, ಎರಡು ಗಂಟೆ, ಹ್ಯಾಂಡಲ್ಲಿಗೆ ಗೊಂಡೆ. ಭಾನುವಾರ ಬೆಳಿಗ್ಗೆ ತ್ರಿಶಲಾ ಅದನ್ನು ಹತ್ತಿ ಶಿರಗುಪ್ಪಿಯ ದಾರಿ ಅಳೆದು ನೋಡಿದಳು. ಒಂಬತ್ತು ಕಿಲೋಮೀಟರಿಗೆ ಐವತ್ತೆಂಟು ನಿಮಿಷ. ಮೊಣಕಾಲು ಹ್ಯಾಂಡಲ್ಲಿಗೆ ಬಡಿದು ಬಾತಿತ್ತು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

"ಅಣ್ಣಾ, ಇದೇನು ಸೈಕಲ್ಲೋ, ಕಬ್ಬಿನ ಟ್ರಾಲಿನೋ?" ನೇರ ಅಂಗಡಿಗೆ ಹೋಗಿ ಕೇಳಿದಳು. "ನನಗ ಮೂವತ್ತೈದು ನಿಮಿಷದಾಗ ಮನಿ ಮುಟ್ಟಬೇಕ. ಅದಕ್ಕ ಬೇಕಾದ್ದು ಇಡು, ಬ್ಯಾಡಾದ್ದು ಬಿಚ್ಚು."

"ಬಿಚ್ಚಿದ್ರ ನೋಡಾಕ ಏನ್ ಉಳಿತೈತ್ರಿ?"

"ನೋಡೂದಕ್ಕ ಯಾರ್ ತಗೊಂಡಾರ?"

ಆಮೇಲೆ ಇಬ್ಬರೂ ನೆಲದ ಮೇಲೆ ಕೂತು ಕೆಲಸಕ್ಕೆ ಹತ್ತಿದರು. ಬುಟ್ಟಿ ಹೋಯಿತು, ಗಾರ್ಡ್ ಹೋಯಿತು, ಹಾಲಿನವರ ಕ್ಯಾರಿಯರ್ ಹೋಗಿ ಡಬ್ಬಿ ಹಿಡಿಯುವಷ್ಟು ಹಗುರವಾದದ್ದು ಬಂತು. ಸೀಟಿನ ಕೊಳವೆ ಮಗಳ ಅಳತೆಗೆ ಗಿಡ್ಡವಿತ್ತು. ಉದ್ದನೆಯದು ಹಾಕಿ, ತ್ರಿಶಲಾಳನ್ನು ಕೂರಿಸಿ, ಪೆಡಲ್ ಕೆಳಗಿದ್ದಾಗ ಮೊಣಕಾಲು ತುಸುವೇ ಬಾಗುವ ಹಾಗೆ ಬೀರದೇವ ಮೂರು ಸಲ ಏರಿಸಿ ಇಳಿಸಿ ಬಿಗಿದ. ಹ್ಯಾಂಡಲ್ ನಾಲ್ಕು ಬೆರಳು ಮೇಲೆ ಬಂತು. ಗಾಲಿಗಳ ಗುಂಡು ತೆಗೆದು ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸು ತುಂಬಿದ. ಎದುರುಗಾಳಿಗೆ ಹಗುರಾಗಲಿ ಅಂತ ಹಿಂದಿನ ಹಲ್ಲಿನ ಚಕ್ರ ಒಂದು ಅಳತೆ ದೊಡ್ಡದು. ಚೈನಿಗೆ ಪೂರಾ ಮುಚ್ಚುವ ಕವರು, ಹಿಂದಿನ ಗಾಲಿಗೆ ಸೀರೆ ಸಿಗದಂತೆ ಜಾಳಿಗೆ. ಟ್ರ್ಯಾಕ್ಟರಿನವರು ಹಾಡು ಹಚ್ಚಿಕೊಂಡು ಓಡಿಸುವಾಗ ಗಂಟೆ ಯಾರಿಗೂ ಕೇಳುವುದಿಲ್ಲವಾದ್ದರಿಂದ ಒಂದು ಗಂಟೆ ತೆಗೆದು ಬಲಗಡೆ ಕನ್ನಡಿ ಕೂರಿಸಿದರು. ಹಿಂದಿನಿಂದ ಬರುವವನು ನೋಡದಿದ್ದರೆ ತಾನೇ ನೋಡಿಕೊಂಡು ಸರಿಯಬಹುದಲ್ಲ.

ಕೊನೆಗೆ ಬೀರದೇವ ಒಳಗಿನಿಂದ ಒಂದು ಗಂಟು ತಂದ. ಅದರಲ್ಲಿ ಅವನ ಅಪ್ಪನ ಕಾಲದ ಸೀಟು, ಕರಿ ಮಿಂಚು. "ಯಾರಿಗೂ ಕೊಟ್ಟಿಲ್ಲ ವೈನಿ. ಇದರ ಮ್ಯಾಲ ಕುಂತ್ರ ನಡ ನೋಯೂದಿಲ್ಲ," ಅಂತ ರೊಕ್ಕದ ಮಾತೂ ಎತ್ತದೆ ಕೂರಿಸಿಕೊಟ್ಟ. ಅವಳು ಸಂತೋಷದಿಂದ ಹತ್ತಿ ಮನೆಯ ಕಡೆಗೆ ತುಳಿದಳು.

ಮನೆಯ ಕಟ್ಟೆಯ ಮೇಲೆ ಜಿನಮತಿ ಕೂತಿದ್ದಳು. ಕಣ್ಣು ಮಂಜಾದವಳು, ಏನನ್ನು ನೋಡಬೇಕಾದರೂ ಕೈಯಿಂದ ಸವರುವುದು ರೂಢಿ. ಹ್ಯಾಂಡಲ್ ಸವರಿದಳು, ಕನ್ನಡಿ ಸವರಿದಳು, ಸೀಟಿನ ಮೇಲೆ ಕೈ ಇಟ್ಟವಳೇ ಬೆಂಕಿ ಮುಟ್ಟಿದವಳಂತೆ ಹಿಂದೆಗೆದಳು.

"ತ್ರಿಶಲಾ, ಇದು ಚಮಡಾ ಐತಿ!"

ತ್ರಿಶಲಾ ನಿಂತಲ್ಲೇ ನಿಂತಳು. ಚರ್ಮದ ಚಪ್ಪಲಿ, ಚರ್ಮದ ಚೀಲ ಆ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಬೀರದೇವ ಹಾಲುಮತದವನು, ಕುರಿಯ ಉಣ್ಣೆ, ಚರ್ಮ ಅವನಿಗೆ ಹುಟ್ಟಿನಿಂದ ಬಂದ ಸಂಪತ್ತು. ಪ್ರೀತಿಯಿಂದ ಕೊಟ್ಟವನಿಗೆ ಅದು ಹೊಳೆಯಲೇ ಇಲ್ಲ, ತೆಗೆದುಕೊಂಡವಳಿಗೂ ಹೊಳೆಯಲಿಲ್ಲ. ಮುದುಕಿ ತಲೆಯ ಮೇಲೆ ನೀರು ಹಾಕಿಕೊಂಡು ಬಂದಳು. ಅದು ಬೀರದೇವನ ಅಪ್ಪನ ಸೀಟು ಅಂತ ಹೇಳಿ, ಇನ್ನು ಬೈಯುತ್ತಾಳೆ ಅಂತ ತ್ರಿಶಲಾ ಕಾದಳು.

"ಆ ಬೀರದೇವಗ ಏನೂ ಅನಬ್ಯಾಡ," ಅಂದಳು ಜಿನಮತಿ. "ಅಪ್ಪನ ವಸ್ತು ಅಂವಾ ಕೊಟ್ಟಾನ. ಮೆತ್ತಗ ಹೇಳಿ ತಿರುಗಿ ಕೊಡು. ರೆಗ್ಜಿನ್ದು ಹಾಕಿಸ್ಕೊಂಡು ಬಾ, ಮೆತ್ತಂದು ನಾ ಹೊಲದು ಕೊಡ್ತೀನಿ."

ಬೀರದೇವ ಎರಡೂ ಕಿವಿ ಹಿಡಿದುಕೊಂಡ, ಹತ್ತು ಸಲ ತಪ್ಪಾಯಿತು ಅಂದ. ಮುದುಕಿ ಮಂಜುಗಣ್ಣಿನಲ್ಲೇ ಹಳೆಯ ಇಳಕಲ್ ಸೀರೆಯ ತುಂಡು ಜೋಡಿಸಿ, ಕೌದಿಯ ಹಾಗೆ ದಪ್ಪ ಹೊಲಿಗೆ ಹಾಕಿ, ಸೀಟಿಗೆ ಟೊಪ್ಪಿಗೆ ಮಾಡಿಕೊಟ್ಟಳು. ಹೊಲಿಗೆ ಸೊಟ್ಟ. ಆದರೆ ಆ ಸೊಟ್ಟ ಹೊಲಿಗೆ ನೋಡಿ ತ್ರಿಶಲಾಳ ಕಣ್ಣು ತುಂಬಿತು. ಮುದುಕಿ ತನ್ನ ಕಡೆಗಿದ್ದಾಳೆ ಅನ್ನುವುದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸೋಮವಾರ ಐದು ನಲವತ್ತೊಂದಕ್ಕೆ ಮನೆ. ಮಂಗಳವಾರ ಮೂವತ್ತೊಂಬತ್ತಕ್ಕೆ. ಬುಧವಾರ ಜಾಲಿಮುಳ್ಳು ಚುಚ್ಚಿತು. ಬೀರದೇವ ಕಲಿಸಿ ಕಟ್ಟಿಕೊಟ್ಟಿದ್ದ ಟ್ಯೂಬು, ಪಂಪು ತೆಗೆದು ದಾರಿಯಲ್ಲೇ ಬದಲಿಸಿ ಐವತ್ತೊಂದಕ್ಕೆ ಮುಟ್ಟಿ, ಅತ್ತೆ ಸೊಸೆ ನಗುತ್ತ ಗಬಗಬ ಉಂಡರು. ಗುರುವಾರ, ಶುಕ್ರವಾರ ಮೂವತ್ತಾರು. ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಬಸ್ಸು ನಿಂತಿರುತ್ತಿತ್ತು, ಅವಳು ಅಂಚು ಹಿಡಿದು ಸುಯ್ ಅಂತ ಮುಂದೆ ಹೋಗುತ್ತಿದ್ದಳು. ಭಾವುಸಾಹೇಬ ಗಡಿಯಾರ ನೋಡುತ್ತಿದ್ದ. ಇನ್ನೊಂದು ದಿನ ಉಳಿದಿದೆಯಲ್ಲ ಅನ್ನುವ ಧೈರ್ಯ ಅವನದು.

ಶನಿವಾರ ಅರ್ಧ ದಾರಿಗೆ ಬಂದಾಗ ಮುಂದೆ ಜನ ಗುಂಪುಗೂಡಿತ್ತು. ಕಾಲುವೆಯ ಪಕ್ಕದ ಸಪೂರ ರಸ್ತೆಯಲ್ಲಿ ಕಬ್ಬಿನ ಟ್ರಾಲಿಯೊಂದು ಮಗ್ಗುಲಾಗಿ ಬಿದ್ದು, ಆಳೆತ್ತರ ಕಬ್ಬು ಅಡ್ಡಕ್ಕೆ ಹರಡಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ, ಡ್ರೈವರ್ ದಡದ ಮೇಲೆ ಕೂತು ಬೀಡಿ ಸೇದುತ್ತಿದ್ದ. ಬಸ್ಸು, ಜೀಪು, ಮೋಟರ್‌ಸೈಕಲ್ಲು ಎಲ್ಲ ನಿಂತಿದ್ದವು. ಎಡಕ್ಕೆ ಕಾಲುವೆ, ಬಲಕ್ಕೆ ಕಬ್ಬು ಕಡಿದ ಹೊಲ. ನಿಂತವರ ನಡುವೆ ಅವಳ ಗಂಡನೂ ಇದ್ದ. ದ್ರಾಕ್ಷಿಗೆ ಹೊಡೆಯುವ ಔಷಧ ತರಲು ಈ ಕಡೆ ಬಂದವನು, ಮೋಟರ್‌ಸೈಕಲ್ಲಿನ ಎರಡೂ ಬದಿಗೆ ಡಬ್ಬಿ ಕಟ್ಟಿಕೊಂಡು ಹದಿನೈದು ನಿಮಿಷದಿಂದ ಅಲ್ಲೇ ಇದ್ದ.

"ಜೆಸಿಬಿ ಬರಬೇಕಂತ," ಅಂದ. ದನಿಯಲ್ಲಿ ಸ್ವಲ್ಪ ಸಮಾಧಾನವೂ ಇತ್ತು ಅಂತ ತ್ರಿಶಲಾಳಿಗೆ ಅನ್ನಿಸಿತು. "ಇವತ್ತ ನಮ್ಮಿಬ್ಬರದೂ ಉಪಾಸಽ."

ಅವಳು ಸೂರ್ಯನನ್ನು ನೋಡಿದಳು. ದೂರದ ಕಬ್ಬಿನ ಸೂಲಂಗಿ ಹೂವಿನ ಮೇಲೆ ಇನ್ನೂ ಒಂದು ಗೇಣು ಇದ್ದ. ಅವಳು ಸೆರಗು ಸಿಗಿಸಿದಳು, ಸೈಕಲ್ಲನ್ನು ಎತ್ತಿ ಹೆಗಲ ಮೇಲೆ ಹೊತ್ತಳು, ಬಲಗಡೆಯ ಹೊಲಕ್ಕೆ ಇಳಿದಳು. ಕಡಿದ ಕಬ್ಬಿನ ಕೂಳೆ ಒಂದೊಂದೂ ಮೊಳೆಯಂತೆ ನಿಂತಿತ್ತು. ಮೋಟರ್‌ಸೈಕಲ್ಲು ಅಲ್ಲಿ ಒಂದು ಮಾರು ದಾಟುವುದಿಲ್ಲ.

"ತ್ರಿಶಲಾ, ತಡಿ! ನಾನೂ ಬರ್ತೀನಿ, ಗಾಡಿ ಯಾರಿಗರ ಒಪ್ಪಸ್ತೀನಿ, ತಡಿ!"

"ನಾ ತಡದ್ರ ಹೊತ್ತು ತಡಿತೈತೇನ್ರಿ?" ಅಂದಳು, ತಿರುಗಿ ನೋಡದೆ.

ಕೂಳೆ ಕಾಲಿಗೆ ತರಚಿತು, ಫ್ರೇಮು ಹೆಗಲು ಒತ್ತಿತು. ಆದರೂ ಆ ನೂರು ಹೆಜ್ಜೆಯಷ್ಟು ಸಂತೋಷದಿಂದ ಅವಳು ಇತ್ತೀಚೆಗೆ ಎಲ್ಲಿಯೂ ನಡೆದಿರಲಿಲ್ಲ. ಬಿದ್ದ ಟ್ರಾಲಿಯ ಆಚೆ ರಸ್ತೆ ಖಾಲಿ ಬಿದ್ದಿತ್ತು. ಹತ್ತಿದಳು, ತುಳಿದಳು.

ಐದು ನಲವತ್ತೇಳಕ್ಕೆ ಅಂಗಳ. ಒಲೆಯ ಮೇಲೆ ಮಡಕೆಕಾಳಿನ ಪಲ್ಯ ಬೆಚ್ಚಗಿತ್ತು, ರೊಟ್ಟಿ ಬಟ್ಟೆಯಲ್ಲಿತ್ತು. ಕೈಕಾಲು ತೊಳೆದು ಅಡಿಗೆಮನೆಗೆ ಬಂದ ತ್ರಿಶಲಾ ಎರಡು ತಾಟು ಇಟ್ಟವಳು ತಡೆದು ನಿಂತಳು. ಗಂಡಸು ಉಂಡಿರಲಿಲ್ಲ. ಅವನಿಗಿಂತ ಮೊದಲು ಈ ಮನೆಯಲ್ಲಿ ಹೆಂಗಸರು ತಾಟಿಗೆ ಕೂತದ್ದೇ ಇಲ್ಲ. ದಾರಿಯಲ್ಲಾದದ್ದನ್ನು ಎರಡು ಮಾತಿನಲ್ಲಿ ಹೇಳಿ ಕೇಳಿದಳು:

"ನಿಮ್ಮ ಮಗಾ ಬರೂ ಮಟ ಕಾಯೋಣೇನ್ರಿ ಅತ್ತಿ?"

ಜಿನಮತಿ ಗೋಡೆ ಹಿಡಿದು ಬಂದು ತನ್ನ ಮಣೆಯ ಮೇಲೆ ಕೂತಳು.

"ನಾ ಇಷ್ಟು ದಿವಸ ಕಾದದ್ದು ಮಗನ್ನಲ್ಲ," ಅಂದಳು. "ಬಡಸು."

ಇಬ್ಬರೂ ಉಂಡರು. ಮುದುಕಿ ಒಂದು ರೊಟ್ಟಿ ಹೆಚ್ಚೇ ಉಂಡಳು, ಗುಳಿಗೆ ನುಂಗಿದಳು, ಬಾಯಿ ಮುಕ್ಕಳಿಸಿದಳು. ಅಷ್ಟರಲ್ಲಿ ಕಿಟಕಿಯ ಬೆಳಕು ಕಂದಿತು.

ಭಾವುಸಾಹೇಬ ಬಂದಾಗ ಆರೂ ಮುಕ್ಕಾಲು. ಒಲೆ ಆರಿತ್ತು, ಪಾತ್ರೆ ಬೋರಲು ಬಿದ್ದಿದ್ದವು. ಅವನು ಕಾಲು ತೊಳೆದುಕೊಂಡು ನಡುಮನೆಯಲ್ಲಿ ಕೂತ. ಐವತ್ತೆರಡು ವರ್ಷದಲ್ಲಿ ಅವನ ಹೊಟ್ಟೆಗೆ ಹೀಗಾದದ್ದು ಇದೇ ಮೊದಲು. ತ್ರಿಶಲಾಳಿಗೆ ಚುಚ್ಚಿ ಆಡಲು ಹತ್ತು ಮಾತು ನಾಲಿಗೆಯ ತುದಿಯಲ್ಲಿದ್ದವು. ಹಸಿದವನ ಮುಖ ನೋಡಿ ಪಾಪ ಅನ್ನಿಸಿತು, ಎಲ್ಲ ನುಂಗಿಕೊಂಡಳು.

ಅವನು ತಾನಾಗಿಯೇ ಕೇಳಿದ:

"ಅವ್ವಾ, ನಾಕು ಸಂಜಿ ಹಿಂಗಽ ಇದ್ದೇನು ನೀ? ನೀರೂ ಇಲ್ಲದ?"

"ಹೂಂ."

"ನಾ ನಿನ್ನ ಮುಂದ ಕುಂತು ಉಂಡೆನಲ್ಲ."

ಅವನು ಎದ್ದು ಅಂಗಳಕ್ಕೆ ಹೋದ. ಸೈಕಲ್ಲಿನ ಮುಂದಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ, ಹಿಂದಿನದನ್ನೂ ಒತ್ತಿದ.

"ಸೋಮವಾರ ಎಷ್ಟಕ್ಕ ಹೊಂಡ್ತಿ?" ಅಂತ ಅಲ್ಲಿಂದಲೇ ಕೇಳಿದ.

"ಎಂಟಕ್ಕ," ಅಂದಳು ತ್ರಿಶಲಾ.

"ಹಿಂದಿಂದ್ರಾಗ ಹವಾ ಕಡಿಮಿ ಆಗೇತಿ. ಏಳಕ್ಕ ಎದ್ದು ನಾ ಹೊಡದ ಇಡ್ತೀನಿ."