ಯಾವ ಮರಳಿಗೆ ಯಾವ ಟೈರು

ನಮ್ಮ ನರೇಂದ್ರ ಹೇಳಿದ್ದು ಇಷ್ಟೇ. "ಅಮ್ಮ, ಚಿಕ್ಕಬಳ್ಳಾಪುರಕ್ಕೆ ಅಪ್ಪನ ಮಾತ್ರೆ ತರೋಕೆ ಹೋಗ್ತೀಯಲ್ಲ, ಹಾಗೇ ಚಲಪತಿ ಅಂಗಡಿಗೆ ಹೋಗಿ ಈ ಹಳೇ ಟೈರು ತೋರಿಸು. ಮರಳಲ್ಲಿ ಓಡೋ ಟೈರು ಬೇಕು ಅನ್ನು. ಯಾವ ಮರಳು ಅಂತ ಕೇಳ್ತಾನೆ, ಒಂದು ಹಿಡಿ ಕಟ್ಕೊಂಡು ಹೋಗು." ಹೇಳಿದವನು ಬೈಕು ಹತ್ತಿ ಕುಡುಮಲಕುಂಟೆ ಫ್ಯಾಕ್ಟರಿಗೆ ಶಿಫ್ಟಿಗೆ ಹೊರಟ. ಯಾವ ಮರಳು ಅಂದರೇನಪ್ಪ, ಮರಳಲ್ಲೂ ಜಾತಿ ಇದೆಯಾ ಅಂತ ಕೇಳೋಣ ಅಂದುಕೊಳ್ಳೋಷ್ಟರಲ್ಲಿ ಅವನು ಹುಣಸೆಮರದ ತಿರುವು ದಾಟಿಬಿಟ್ಟಿದ್ದ.

ಟೈರು ಅಂದರೆ ದೊಡ್ಡದೇನಲ್ಲ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದು. ನರೇಂದ್ರನ ಫ್ಯಾಕ್ಟರಿಯಲ್ಲಿ ಒಬ್ಬ ಇಂಜಿನಿಯರ್ ಇದ್ದ, ಬೇರೆ ಊರಿಗೆ ವರ್ಗವಾಗಿ ಹೋಗುವಾಗ ತನ್ನ ರಿಮೋಟ್ ಕಾರನ್ನು ಇವನಿಗೆ ಕೊಟ್ಟು ಹೋದ. ಮಕ್ಕಳಾಟದ ಕಾರಿನ ಹಾಗಲ್ಲ ಅದು. ಮೊಲದಷ್ಟು ಗಾತ್ರ, ಬಿಟ್ಟರೆ ನಾಯಿ ಅಟ್ಟಿಸಿಕೊಂಡು ಹೋದರೂ ಸಿಗೋದಿಲ್ಲ. ನರೇಂದ್ರ ಅದನ್ನು ತಂದು ಅವರಪ್ಪನ ಮಡಿಲಲ್ಲಿಟ್ಟ.

ಅವರಪ್ಪ ಅಂದರೆ ನಮ್ಮ ಯಜಮಾನರು, ರಾಮಾಂಜಿನಪ್ಪ. ಪಿನಾಕಿನಿ ಹೊಳೆಯಲ್ಲಿ ಮರಳಿನ ಟ್ರಾಕ್ಟರ್ ಓಡಿಸಿಯೇ ತಲೆ ನರೆತವರು. ಯಾರ ಗಾಡಿ ಮರಳಲ್ಲಿ ಹೂತುಕೊಂಡರೂ ಇವರನ್ನು ಕರೆಯೋರು. ಇವರು ಹೋಗಿ ಸುತ್ತ ಒಂದು ಸಲ ನೋಡಿ, ಸ್ಟೇರಿಂಗ್ ಹಿಡಿದು, ಎಮ್ಮೆ ಎಬ್ಬಿಸಿದ ಹಾಗೆ ಎಬ್ಬಿಸಿಕೊಂಡು ಬರೋರು. ಹೋದ ದಸರಾ ಆದಮೇಲೆ ಲಕ್ವ ಹೊಡೆಯಿತು. ಕಾಲು ಸುಮಾರಾಗಿ ಸರಿಹೋಯಿತು, ಮಾತೂ ಬಂತು, ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಎದೆಗೆ ಅಂಟಿಕೊಂಡಿತು. ಆಸ್ಪತ್ರೆಯಲ್ಲಿ ಕೈಕಸರತ್ತು ಮಾಡಿಸೋ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. "ಅಜ್ಜಿ, ಈಗಲೇ ಬೆರಳು ಆಡಿಸಿದರೆ ಬಿಟ್ಕೊಳತ್ತೆ. ಸುಮ್ಮನೆ ಬಿಟ್ಟರೆ ಹಾಗೇ ನಿಂತುಬಿಡತ್ತೆ." ಅವಳು ಕೊಟ್ಟ ರಬ್ಬರ್ ಚೆಂಡನ್ನು ನಮ್ಮವರು ಕೋಳಿಗೆ ಎಸೆದರು, ಅದೂ ಎಡಗೈಯಲ್ಲಿ.

ಕಾರಿನ ರಿಮೋಟ್ ನೋಡಿ ನನಗೆ ಆಸೆ ಹುಟ್ಟಿತು. ಅದು ಪಿಸ್ತೂಲಿನ ಹಾಗಿತ್ತು. ಎಡಗೈ ಬೆರಳಲ್ಲಿ ಎಳೆದರೆ ಕಾರು ಓಡತ್ತೆ, ಬಲಗೈಯಲ್ಲಿ ಪಕ್ಕದ ಪುಟ್ಟ ಚಕ್ರ ತಿರುಗಿಸಿದರೆ ಅತ್ತಿತ್ತ ತಿರುಗತ್ತೆ. ಬಲಗೈ ಆಡಿಸದೆ ಗತಿಯಿಲ್ಲ. ಆದರೆ ಇವರು ಎಡಗೈಯಲ್ಲಿ ಎಳೆದು ನೆಟ್ಟಗೆ ಬಿಟ್ಟರು. ಮನೆ ಮುಂದೆ ನೆಟ್ಟಗೆ ಹೋಗಿ ಕಾಂಪೌಂಡಿಗೆ ಹೊಡೆಯಿತು. ಹೊಳೆಗೆ ಕರೆದುಕೊಂಡು ಹೋದರೆ ಜಾಗ ಬೇಕಾದಷ್ಟಿದೆ ಅಂತ ಹೋದೆವು. ಅಲ್ಲಿ ಹತ್ತು ಮಾರು ಹೋಗೋಷ್ಟರಲ್ಲಿ ಕಾರು ಮರಳಲ್ಲಿ ಹೊಟ್ಟೆವರೆಗೆ ಹೂತುಕೊಂಡು ಗುರ್ ಅನ್ನುತ್ತಾ ಕೂತಿತು.

ಆವುಲಪ್ಪ ಅಲ್ಲೇ ಇದ್ದ. ಇವರ ಕೈಕೆಳಗೆ ಡ್ರೈವಿಂಗ್ ಕಲಿತವನು, ಈಗ ಸ್ವಂತ ಟ್ರಾಕ್ಟರ್ ಇಟ್ಟಿದ್ದಾನೆ. "ಏಮಿ ರಾಮಾಂಜಿನಣ್ಣ, ಗಾಡಿ ಹೂತ್ಕೊಂಡ್ತಾ? ಹಗ್ಗ ತರ್ಲಾ?" ಅಂದ.

ತಮಾಷೆಗೆ ಅಂದದ್ದೇ. ಇವರು ರಿಮೋಟನ್ನು ನನ್ನ ಕೈಗೆ ಕೊಟ್ಟು, "ಮನೆಗೆ ನಡಿ" ಅಂದರು. ಆಮೇಲೆ ಅದನ್ನು ಮುಟ್ಟಲಿಲ್ಲ. ಬಲಗೈಯನ್ನು ಟವೆಲ್ಲಿನ ಕೆಳಗೆ ಇಟ್ಟುಕೊಂಡು ಕೂರೋಕೆ ಶುರುಮಾಡಿದರು. ಅದಕ್ಕೇ ನರೇಂದ್ರ ಮರಳಿನ ಟೈರು ಅಂದದ್ದು. ಅದಕ್ಕೇ ನಾನು ಹೊರಟದ್ದು.

ಬಸ್ಸಿಗೆ ಹೊತ್ತಾಗಿತ್ತು. ಹೊಳೆಗೆ ಇಳಿದು ಹತ್ತಿ ಬರೋಕೆ ನನ್ನ ಮಂಡಿ ಒಪ್ಪಬೇಕಲ್ಲ. ಮನೆ ಮುಂದೆ ಬಚ್ಚಲುಮನೆ ಗಾರೆಗೆ ಅಂತ ತರಿಸಿದ ಮರಳು ಗುಡ್ಡೆ ಬಿದ್ದಿತ್ತು. ಪಿನಾಕಿನಿ ಮರಳೇ ಕಣಮ್ಮ ಅಂತ ಹೇಳಿಯೇ ಲೋಡಿನವನು ಸುರಿದು ಹೋಗಿದ್ದ. ಅದರಲ್ಲೇ ಒಂದು ಹಿಡಿ ತೆಗೆದು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಸ್ಸು ಹತ್ತಿದೆ.

ಚಲಪತಿಯ ಅಂಗಡಿ ಬಿ.ಬಿ. ರಸ್ತೆಯಿಂದ ಒಳಗೆ, ಸೈಕಲ್ ಅಂಗಡಿಯ ಮಗ್ಗುಲಲ್ಲಿ. ಹಳೇ ಟೈರನ್ನು ಅವನ ಮುಂದಿಟ್ಟೆ.

"ಯಾರಿಗಜ್ಜಿ, ಮೊಮ್ಮಗನಿಗಾ?"

"ಯಜಮಾನರಿಗೆ."

ಅವನು ಒಂದು ಸಲ ನನ್ನ ಮುಖ ನೋಡಿದ. "ಟೂ ವೀಲ್ ಡ್ರೈವಾ, ಫೋರ್ ವೀಲ್ ಡ್ರೈವಾ?"

"ನಾಲ್ಕು ಚಕ್ರ ಇದಾವಪ್ಪ."

"ಚಕ್ರ ನಾಲ್ಕೇ ಇರ್ತಾವಜ್ಜಿ. ಎಂಜಿನ್ನು ಎರಡನ್ನ ತಿರುಗಿಸ್ತದಾ, ನಾಲ್ಕನ್ನೂ ತಿರುಗಿಸ್ತದಾ?"

ಓಡುವಾಗ ನಾಲ್ಕೂ ತಿರುಗಿದ ಹಾಗೇ ಕಂಡಿತ್ತು. ಹಾಗಂತ ಹೇಳಿದೆ. ಅವನು ತಲೆ ಕೆರೆದುಕೊಂಡು ಒಳಗಿಂದ ಮೂರು ಡಬ್ಬಿ ತಂದು ಬಿಚ್ಚಿದ. ಡಬ್ಬಿಯ ಮೇಲೆ ಬರೆದದ್ದೆಲ್ಲ ಇಂಗ್ಲಿಷು. ರಾತ್ರಿ ಶಾಲೆಯಲ್ಲಿ ನಮಗೆ ಕನ್ನಡ ಕಲಿಸಿದರು, ಕೂಡೋದು ಕಳೆಯೋದು ಕಲಿಸಿದರು. ಇಂಗ್ಲಿಷಿನ ಹೊತ್ತಿಗೆ ಮೇಷ್ಟರಿಗೆ ವರ್ಗವಾಯಿತು. ಹಾಗಾಗಿ ಡಬ್ಬಿ ಬಿಟ್ಟು ಟೈರುಗಳನ್ನೇ ನೋಡಿದೆ.

ಒಂದರ ಸುತ್ತ ಅಗಲವಾದ ರಬ್ಬರ್ ಪಟ್ಟಿಗಳು ಎದ್ದು ನಿಂತಿದ್ದವು. ಒಂದೊಂದೂ ಸೌಟಿನ ಹಾಗೆ ಸ್ವಲ್ಪ ಗುಳಿ. ನೋಡಿದ ಕೂಡಲೇ ನನಗೆ ಗದ್ದೆಯ ಕೆಸರಿಗೆ ಟ್ರಾಕ್ಟರಿಗೆ ಹಾಕೋ ಕೇಜ್‌ವೀಲ್ ನೆನಪಾಯಿತು. "ಇದೇ ಕೊಡು" ಅಂದೆ.

"ಇದು ಪ್ಯಾಡಲ್ ಟೈರು. ಹಿಂದಕ್ಕೆ ಮಾತ್ರ ಹಾಕೋದು. ಮರಳನ್ನ ಬಾಚಿ ಬಾಚಿ ಹಿಂದಕ್ಕೆ ಎಸೀತದೆ, ಗಾಡಿ ಮುಂದಕ್ಕೆ ಹೋಗ್ತದೆ. ಮುಂದಕ್ಕೆ ಇದು." ಇನ್ನೊಂದು ತೋರಿಸಿದ. ಬೋಳು ಟೈರು, ನಡುವೆ ಒಂದೇ ಒಂದು ಗೆರೆ ಎದ್ದಿತ್ತು.

"ಇದು ಸವೆದಿದೆಯಲ್ಲಪ್ಪ."

"ಸವೆದಿಲ್ಲಜ್ಜಿ, ಹೊಸದು. ಇದು ಹಿಡಿಯೋಕಲ್ಲ, ಮರಳ ಮೇಲೆ ತೇಲ್ಕೊಂಡು ತಿರುಗೋಕೆ. ನಾಲ್ಕೂ ಚಕ್ರಕ್ಕೆ ಎಂಜಿನ್ ಇದ್ರೆ ಮುಂದಕ್ಕೂ ಪ್ಯಾಡಲ್ಲೇ ಹಾಕ್ತಾರೆ ಕೆಲವರು. ಆಗ ತಿರುಗೋದು ಕಷ್ಟ."

"ತಿರುಗಲೇಬೇಕಲ್ಲಪ್ಪ, ಅದಕ್ಕೇ ಇಷ್ಟೆಲ್ಲ."

"ಹಂಗಾದ್ರೆ ಬೋಳು ಹಾಕಿ."

"ಬೋಳು ಹಿಡಿಯೋದಿಲ್ಲ ಅಂದೆಯಲ್ಲ."

ಅವನಿಗೂ ಸುಸ್ತಾಯಿತು ಅಂತ ಕಾಣತ್ತೆ. "ಮೊದಲು ಮರಳು ತೋರಿಸಿ" ಅಂದ.

ಸೆರಗಿನ ಗಂಟು ಬಿಚ್ಚಿ ಅರ್ಧ ಸುರಿದೆ. ಅವನು ಅದನ್ನು ಟೀ ಲೋಟಕ್ಕೆ ಹಾಕಿ, ಮೇಲೆ ನೀರು ಹೊಯ್ದು ಬೆರಳಲ್ಲಿ ಕಲಕಿದ. ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿತು.

"ಇದು ಮರಳಲ್ಲ ಕಣಜ್ಜಿ. ಮಣ್ಣು. ಕೆರೆ ಮಣ್ಣನ್ನ ತೊಳೆದು ಮರಳು ಅಂತ ಮಾರ್ತಾರಲ್ಲ, ಫಿಲ್ಟರ್ ಮರಳು, ಅದು."

"ಪಿನಾಕಿನಿ ಮರಳಪ್ಪ ಇದು."

"ಯಾರು ಹೇಳಿದ್ದು?"

ಲೋಡಿನವನು ಅಂತ ಹೇಳೋಕೆ ನನಗೇ ನಾಚಿಕೆಯಾಯಿತು. ಅಷ್ಟರಲ್ಲಿ ಬಚ್ಚಲುಮನೆ ಗೋಡೆ ಕಣ್ಣ ಮುಂದೆ ಬಂತು. ಆಗಲೇ ಮೂರು ಕಡೆ ಗಾರೆ ಆಗಿತ್ತು. ಅದು ನಿಲ್ಲತ್ತಾ, ಮೊದಲ ಬಿಸಿನೀರಿಗೆ ಕರಗಿ ಬರತ್ತಾ ಅನ್ನೋ ಯೋಚನೆಯಲ್ಲಿ ಚಲಪತಿ ಹೇಳಿದ ಮುಂದಿನ ಮಾತು ಅರ್ಧ ಕೇಳಿಸಲಿಲ್ಲ. ಮಣ್ಣಿಗೆ ಪ್ಯಾಡಲ್ ಹಾಕಿದರೆ ಕುಣಿಯತ್ತೆ, ಮುಳ್ಳಿನ ಟೈರೇ ಸರಿ ಅಂದ ಹಾಗಿತ್ತು. ಮೂರನೇ ಡಬ್ಬಿಯಿಂದ ಸುತ್ತಲೂ ಸಣ್ಣ ಮುಳ್ಳು ಎದ್ದಿದ್ದ ಟೈರು ನಾಲ್ಕು ಕಟ್ಟಿಕೊಟ್ಟ. ಮಿಕ್ಕ ಮರಳನ್ನು ಚೆಲ್ಲೋಕೆ ಮನಸ್ಸು ಬರಲಿಲ್ಲ, ಮತ್ತೆ ಗಂಟು ಹಾಕಿಕೊಂಡು ಬಂದೆ.

ಶಿಫ್ಟು ಮುಗಿಸಿ ಬಂದ ನರೇಂದ್ರ ಟೈರು ನೋಡಿ ಹುಬ್ಬು ಗಂಟಿಕ್ಕಿದ. "ಇದನ್ನ ಕೊಟ್ನಾ?"

"ಮರಳು ನೋಡೇ ಕೊಟ್ಟ ಕಣಪ್ಪ."

ನೋಡಿ ಕೊಟ್ಟಿದ್ದಾನೆ ಅಂದಮೇಲೆ ಸರಿಯೇ ಇರಬೇಕು ಅಂತ ನಾಲ್ಕನ್ನೂ ಕಾರಿಗೆ ಹಾಕಿದ. ಯಜಮಾನರನ್ನು ಹೊರಡಿಸೋದೇ ದೊಡ್ಡ ಕೆಲಸವಾಯಿತು. ಬರೋದಿಲ್ಲ ಅಂದರು. "ಈ ಸಲ ಹೂತ್ಕೊಳಲ್ಲ, ಇದಕ್ಕೆ ಅಂತಾನೇ ತಂದಿರೋ ಟೈರು" ಅಂತ ನಾನು ಪುಸಲಾಯಿಸಿದೆ. ಆವುಲಪ್ಪ ತಾನಾಗಿಯೇ ಟ್ರಾಕ್ಟರ್ ತಂದು, ಟ್ರೈಲರಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಇಟ್ಟು, ಇವರನ್ನು ಎತ್ತಿ ಕೂರಿಸಿದ. "ಅತ್ತಿಗೆ, ನೀವು ಹಿಡ್ಕೊಳ್ರಿ. ನಿಧಾನಕ್ಕೆ ಬಿಡ್ತೀನಿ, ಗುರುಗಳು ಬೈಯ್ಯೋ ಹಂಗೆ ಬಿಡಲ್ಲ."

ಹೊಳೆಯ ನಡುವೆ ಮರಳು ಬೆಳ್ಳಗೆ ಬಿಸಿಲಿಗೆ ಕಾಯುತ್ತಿತ್ತು. ಟ್ರೈಲರಿನಿಂದ ಇಳಿಸಿ ಇವರನ್ನು ಕೂರಿಸಿದಾಗ ಕುರ್ಚಿಯ ಕಾಲು ಮರಳಲ್ಲಿ ಒಂದು ಗೇಣು ಇಳಿಯಿತು. ನರೇಂದ್ರ ರಿಮೋಟನ್ನು ಎಡಗೈಗೆ ಕೊಟ್ಟು, ಬಲಗೈಯನ್ನು ಟವೆಲ್ಲಿನಿಂದ ಬಿಡಿಸಿ ಪುಟ್ಟ ಚಕ್ರದ ಮೇಲೆ ಇಟ್ಟ. ಕೈ ಅಲ್ಲಿ ಸತ್ತ ಹಕ್ಕಿಯ ಹಾಗೆ ಕೂತಿತು. ಇವರು ಎಡಗೈ ಬೆರಳಲ್ಲಿ ಎಳೆದರು.

ಮುಳ್ಳಿನ ಟೈರು ಮರಳನ್ನು ಕಡೆಯಿತು. ಕಾರು ಇದ್ದ ಜಾಗದಲ್ಲೇ ಗುಂಡಿ ತೋಡಿಕೊಂಡು ಕೆಳಗೆ ಹೋಯಿತು. ಹೋದ ಸಲ ಹತ್ತು ಮಾರಾದರೂ ಹೋಗಿತ್ತು.

ಆವುಲಪ್ಪ ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿಕೊಂಡ. ಇವರು ರಿಮೋಟ್ ಕೆಳಗಿಟ್ಟರು. ಮುಗಿಯಿತು, ಇನ್ನು ಈ ಜನ್ಮದಲ್ಲಿ ಮುಟ್ಟೋದಿಲ್ಲ ಅಂದುಕೊಂಡೆ.

"ಯಾವ ಮರಳು ತೋರಿಸ್ದೆ ಅವನಿಗೆ?" ಅಂತ ಕೇಳಿದರು.

"ಮನೆ ಮುಂದಿರೋದು. ಅದೂ ಇದೇ ಅಲ್ವೇನ್ರಿ?"

"ಇದೇನಾ?"

"ಲೋಡಿನವನು ಇದೇ ಅಂದ. ಚಲಪತಿ ಅಲ್ಲ ಅಂದ. ನನಗೇನು ಗೊತ್ತು. ಇಲ್ಲೇ ಇದೆ, ನೀವೇ ನೋಡಿ." ಸೆರಗಿನ ಗಂಟು ಬಿಚ್ಚಿದೆ. ಇವರು ಎಡಗೈ ಚಾಚಿದರು, ಅದಕ್ಕೆ ಸುರಿದೆ. ಹೆಬ್ಬೆರಳಲ್ಲಿ ಉಜ್ಜಿ ನೋಡಿದರು. ಮುಖ ಕಿವುಚಿದರು. ಆಮೇಲೆ ಹೊಳೆಯ ಮರಳಿನ ಕಡೆ ಬಗ್ಗಿದರು. ಎಡಗೈ ತುಂಬಿತ್ತು. ಒಂದು ಗಳಿಗೆ ಹಾಗೇ ಬಗ್ಗಿಕೊಂಡೇ ಇದ್ದರು.

ನಾನು ಆ ಹೊತ್ತಿನಲ್ಲಿ ನರೇಂದ್ರನ ಜೊತೆ ಮಾತಿಗೆ ಬಿದ್ದಿದ್ದೆ. "ಬಚ್ಚಲುಮನೆ ಗಾರೆ ಕೆಡವಿಸಬೇಕೇನೋ ಅಪ್ಪ" ಅಂದೆ. "ಈಗ ಅದ್ಯಾಕಮ್ಮ" ಅಂದ. "ಯಾಕೇನು, ಮಣ್ಣಂತೆ" ಅಂದೆ. ಆಗ ಆವುಲಪ್ಪ ಮೆಲ್ಲಗೆ ಕೇಳಿದ.

"ರಾಮಾಂಜಿನಣ್ಣ, ಅದು ಯಾವ ಕೈ?"

ತಿರುಗಿ ನೋಡಿದೆ. ಬಲಗೈ ಮರಳಲ್ಲಿತ್ತು. ಮುಷ್ಟಿ ಪೂರ್ತಿ ಬಿಚ್ಚಿರಲಿಲ್ಲ, ಅರ್ಧ ಬಿಚ್ಚಿತ್ತು. ಕೋಳಿ ಕೆದಕಿದ ಹಾಗೆ ಎರಡು ಬೆರಳು ಕೆದಕಿ, ಒಂದಿಷ್ಟು ಮರಳು ಒಳಗೆ ಎಳೆದುಕೊಂಡು ಮೇಲೆ ಬಂತು. ಹೆಬ್ಬೆರಳು ನಡುಗುತ್ತಾ ಉಜ್ಜಿತು. ಮರಳು ಸಂದಿಯಿಂದ ಸುರಿಯುತ್ತಲೇ ಇತ್ತು. ನಮ್ಮವರು ಎರಡೂ ಕೈ ನೋಡಿಕೊಂಡು, "ಇದು ಕಚ್ಚತ್ತೆ, ಅದು ಅಂಟತ್ತೆ" ಅಂದರು. ಅವರ ಗಮನವೆಲ್ಲ ಮರಳಿನ ಮೇಲೆ. ಯಾವ ಕೈ ಅಂತ ಆವುಲಪ್ಪ ಕೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ.

"ಸೆರಗು ಕೊಡು" ಅಂದರು.

"ಯಾಕೆ?"

"ಇದನ್ನ ತೋರಿಸು ಅವನಿಗೆ. ಕೊಡೇ."

ಸೆರಗಿನ ತುದಿ ಅವರ ತೊಡೆಯ ಮೇಲೆ ಹರಡಿದೆ. ಎಡಗೈಯ ಮಣ್ಣು ಕೊಡವಿಕೊಂಡು ಹೊಳೆಯ ಮರಳು ಹಾಕಿದರು. ಗಂಟು ಕಟ್ಟೋಕೆ ಎರಡು ಕೈ ಬೇಕು. ನರೇಂದ್ರ ಮುಂದೆ ಬಂದ, "ಬಿಡಪ್ಪ, ನಾನು ಕಟ್ತೀನಿ."

"ನೀನು ಟೈರು ತರೋಕೆ ಹೋಗಿದ್ಯಾ? ಸುಮ್ಮನಿರು."

ಎಡಗೈ ಸುತ್ತಿತು, ಬಲಗೈಯ ಎರಡು ಬೆರಳು ತುದಿ ಹಿಡಿದವು. ಜಾರಿತು. ಮತ್ತೆ ಹಿಡಿದವು. ಸಂಜೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ನನ್ನ ಸೊಂಟ ಬಗ್ಗಿ ಬಗ್ಗಿ ನೋಯುತ್ತಿತ್ತು, ಅಲುಗಾಡದೆ ನಿಂತೆ. ಕೊನೆಗೆ ಗಂಟು ಅನ್ನಬಹುದಾದ ಒಂದು ಗಂಟು ಬಿತ್ತು.

"ಸಡಿಲ ಇದೆ ಅಮ್ಮ, ಇನ್ನೊಂದು ಸುತ್ತು ಬಿಗಿ" ಅಂದ ನರೇಂದ್ರ. ನಾನು ಬಿಗಿಯಲಿಲ್ಲ.

ಮರುದಿನ ಅದೇ ಸೀರೆ ಉಟ್ಟು ಬಸ್ಸು ಹತ್ತಿದೆ. ಮಂಚೇನಹಳ್ಳಿ ಬರೋಷ್ಟರಲ್ಲಿ ಕಾಲ ಬಳಿ ಮರಳು ಬಿದ್ದಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಏನೋ ಸುರೀತಾ ಇದೆ ನೋಡ್ರಮ್ಮ, ಗಂಟು ಬಿಗಿ ಮಾಡ್ಕೊಳ್ರಿ" ಅಂದಳು. "ಇರಲಿ ಬಿಡಮ್ಮ" ಅಂದೆ. ಅವಳು ಸ್ವಲ್ಪ ಸರಿದು ಕೂತಳು.

ಚಲಪತಿಯ ಮುಂದೆ ಗಂಟು ಬಿಚ್ಚಿದಾಗ ಸೀರೆಯ ನೂಲಿಗೆ ಅಂಟಿಕೊಂಡ ಒಂದು ಚಿಟಿಕೆ ಉಳಿದಿತ್ತು. ಅವನು ಅದನ್ನು ಬೆರಳಿಗೆ ಹಚ್ಚಿಕೊಂಡು ಬೆಳಕಿಗೆ ಹಿಡಿದ.

"ಇಷ್ಟರಲ್ಲಿ ಏನಂತ ಹೇಳ್ಲಿ ಅಜ್ಜಿ?"

"ಕಚ್ಚತ್ತಂತೆ. ಅಂಟೋದಿಲ್ಲವಂತೆ."

"ಹಂಗಾದ್ರೆ ಹೊಳೆ ಮರಳು. ಹಿಂದಕ್ಕೆ ಪ್ಯಾಡಲ್ಲು." ಎರಡು ಟೈರು ತೆಗೆದಿಟ್ಟ. "ಇದು ಎಡಗಡೇದು, ಇದು ಬಲಗಡೇದು. ಅದಲುಬದಲು ಮಾಡಬೇಡಿ, ಬಾಚೋದಿಲ್ಲ. ಮುಂದಕ್ಕೆ ಏನು ಹಾಕಣ? ಟೂ ವೀಲಾ ಫೋರ್ ವೀಲಾ, ಕೇಳ್ಕೊಂಡು ಬಂದ್ರಾ?"

ಕೇಳೋದು ಮತ್ತೆ ಮರೆತುಹೋಗಿತ್ತು. ನೋಡಿದರೆ ಎಡಗಡೇದೂ ಬಲಗಡೇದೂ ನನ್ನ ಕಣ್ಣಿಗೆ ಒಂದೇ ಥರ ಕಂಡವು. ಒಂದನ್ನು ಎಡಗೈಯಲ್ಲಿ, ಇನ್ನೊಂದನ್ನು ಬಲಗೈಯಲ್ಲಿ ಹಿಡಿದುಕೊಂಡೆ, ಹಾಗೇ ಹಿಡಿದುಕೊಂಡು ಊರು ಸೇರಬಹುದು ಅಂತ.

"ಹಿಂದಿನದು ಸಾಕಪ್ಪ ಇವತ್ತಿಗೆ" ಅಂದೆ. "ಮುಂದಿನದಕ್ಕೆ ಇನ್ನೊಂದು ಸಲ ಬರ್ತೀನಿ. ಮರಳು ಕಟ್ಟಿಸ್ಕೊಂಡು ಬರ್ತೀನಿ."

"ಮರಳು ನೋಡಾಯ್ತಲ್ಲಜ್ಜಿ, ಇನ್ಯಾಕೆ?"

"ಅವರು ಕಟ್ಟಿಕೊಡ್ತಾರೆ" ಅಂದೆ.