ಆಯಾಸವಾಗದ ಸೀಟು

ಆ ಕಾರಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಯುರೋಪಿನ ಹಳೆಯ ಕಂಪನಿಯೊಂದರ ಹೊಸ ಕಾರು ಅದು. ಒಳಗಿನ ಕೆಲಸವೆಲ್ಲ ಎಲೆಕ್ಟ್ರಾನಿಕ್ ಸಿಟಿಯ ಒಂದು ಎಂಜಿನಿಯರಿಂಗ್ ಕೇಂದ್ರದಲ್ಲಿ ನಡೆಯುತ್ತಿತ್ತು. ಉದ್ದನೆಯ ಮೂತಿ, ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡಂಥ ಮೈ. ಬೆಳಿಗ್ಗೆ ಒಂದು ದೇಶದಲ್ಲಿ ತಿಂಡಿ ತಿಂದು ಹೊರಟವನು ರಾತ್ರಿಯ ಊಟಕ್ಕೆ ಇನ್ನೊಂದು ದೇಶದಲ್ಲಿ ಇಳಿಯಬೇಕು, ಇಳಿದಾಗ ಮೈಕೈ ನೋವು ಅನ್ನಬಾರದು. ಇಂಥ ಕಾರನ್ನೇ ಗ್ರ್ಯಾಂಡ್ ಟೂರರ್ ಅನ್ನುತ್ತಾರೆ. ಅದು ಮಾರುವುದು ವೇಗಕ್ಕಿಂತ ಹೆಚ್ಚಾಗಿ ಆರಾಮವನ್ನು.

ಆ ಆರಾಮದ ದೊಡ್ಡ ಪಾಲು ಸುಕೃತಿಯ ಹೊಣೆ. ಅವಳು ಸೀಟಿನ ತಂಡದ ಮುಖ್ಯಸ್ಥೆ. ಬೆನ್ನು ತೀಡುವ ಗಾಳಿಚೀಲಗಳು, ಬೇಸಿಗೆಯಲ್ಲಿ ತಣ್ಣಗೂ ಚಳಿಯಲ್ಲಿ ಬೆಚ್ಚಗೂ ಆಗುವ ಚರ್ಮ, ಕೂತವರ ಭುಜಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಒರಗು, ಎಲ್ಲವನ್ನೂ ಅವಳ ತಂಡವೇ ಕೂಡಿಸಿತ್ತು. ಒಂದು ಕೊರತೆ ಮಾತ್ರ ಹೋಗಿರಲಿಲ್ಲ. ವಿನ್ಯಾಸದವರು ಚೆಂದಕ್ಕೆಂದು ಚಾವಣಿಯನ್ನು ಇನ್ನಷ್ಟು ತಗ್ಗಿಸಿದ್ದರಿಂದ ಸೀಟೂ ತಗ್ಗಿ ಹಿಂದಕ್ಕೆ ವಾಲಬೇಕಾಗಿತ್ತು. ಅದರಿಂದ ಸೀಟಿನ ಮುಂದಿನ ಅಂಚು ಮೇಲೆದ್ದು ಮೊಣಕಾಲಿನ ಹಿಂದೆ ಒತ್ತುತ್ತಿತ್ತು. ಎತ್ತರದವರಿಗೆ ಅದು ಗೊತ್ತಾಗುತ್ತಿರಲಿಲ್ಲ. ಕುಳ್ಳಗಿದ್ದವರನ್ನು ಕೂರಿಸಿ ಒತ್ತಡ ಅಳೆದರೆ ಪರದೆಯ ಮೇಲೆ ಆ ಜಾಗ ಕೆಂಪಗೆ ಕಾಣುತ್ತಿತ್ತು.

ಮ್ಯಾನೇಜರ್ ಶ್ರೀಧರ್‌ಗೆ ಅವಳು ಅದನ್ನು ತೋರಿಸಿದ್ದಳು.

"ರೂಫ್ ಫ್ರೀಜ್ ಆಗೋಗಿದೆ ಸುಕೃತಿ, ಅದನ್ನ ಯಾರೂ ಮುಟ್ಟಲ್ಲ. ನೀವು ಫೋಮ್‌ನಲ್ಲೇ ಏನಾದ್ರೂ ಮಾಡ್ಕೊಳ್ಳಿ," ಎಂದಿದ್ದರು ಅವರು.

ಹಾಗಾಗಿ ಅವಳಿಗೆ ಕುಳ್ಳಗಿನ ಡ್ರೈವರ್ ಬೇಕಾಗಿದ್ದ. ಸಿಕ್ಕವನು ಮಡಿವಾಳಪ್ಪ. ಗದಗಿನ ಕಡೆಯವನು, ಬಹಳ ವರ್ಷ ಲಾರಿ ಓಡಿಸಿ ಕೊನೆಗೆ ಕಂಪನಿಯ ಟೆಸ್ಟ್ ಡ್ರೈವರ್ ಆಗಿದ್ದ. ಹೆಂಡತಿ ಹೊಳೆವ್ವನೊಡನೆ ಚಂದಾಪುರದಲ್ಲಿ ಬಾಡಿಗೆಗಿದ್ದ. ಆಕಾರ ಯಾರಿಗೂ ತಿಳಿಯದಿರಲೆಂದು ಕಾರಿನ ಮೈತುಂಬ ಕಪ್ಪುಬಿಳುಪಿನ ಅಂಕುಡೊಂಕು ಪಟ್ಟೆಗಳ ಸ್ಟಿಕರ್ ಅಂಟಿಸಿದ್ದರು. ಬೆಳಿಗ್ಗೆ ಅದರಲ್ಲಿ ಒಬ್ಬನೇ ಹೊರಟು, ಹೊಸೂರು ರಸ್ತೆ ಹಿಡಿದು, ಸೇಲಂ ದಾಟಿ, ಸಂಜೆಗೆ ಮರಳುವುದು ಅವನ ಕೆಲಸ.

"ಹೇಗಿದೆ ಸೀಟು?" ಎಂದು ಸುಕೃತಿ ದಿನಾ ಕೇಳುತ್ತಿದ್ದಳು.

"ಚಲೋ ಐತ್ರಿ ಮೇಡಂ. ಲಾರಿಯೊಳಗ ಕುಂತು ಕುಂತು ನಡ ಮುರದಿತ್ತು. ಇದು ಬೆನ್ನ ತಿಕ್ಕತೈತಿ ಅಂತ ಹೇಳಿದ್ರ ನಮ್ಮ ಹೊಳೆವ್ವ ನಂಬಂಗಿಲ್ಲ ಅಂತಾಳ್ರಿ!"

ಮೊದಮೊದಲು ಅವನು ದಾರಿಯಲ್ಲಿ ಎರಡು ಮೂರು ಕಡೆ ನಿಲ್ಲಿಸಿ, ಚಹಾ ಕುಡಿದು, ಕಾಲಾಡಿಸಿ ಬರುತ್ತಿದ್ದ. ಒಂದು ದಿನ ಕೃಷ್ಣಗಿರಿಯ ಹತ್ತಿರ ಚಹಾದಂಗಡಿಯ ಮುಂದೆ ನಿಂತಿದ್ದ ಕಾರನ್ನು ಯಾರೋ ಮೊಬೈಲಿನಲ್ಲಿ ಹಿಡಿದರು. ಫೋಟೋ ಕಾರು ಹುಚ್ಚಿನವರ ನಡುವೆ ಹರಿದಾಡಿ ಯುರೋಪಿನವರ ಕಣ್ಣಿಗೂ ಬಿತ್ತು. ಮರುದಿನವೇ ಮೀಟಿಂಗ್ ಕರೆದ ಶ್ರೀಧರ್, ಇನ್ನು ಕಾರು ದಾರಿಯಲ್ಲಿ ಎಲ್ಲೂ ನಿಲ್ಲಕೂಡದು, ಒಂದು ಟ್ಯಾಂಕಿನಲ್ಲಿ ಹೋಗಿ ಬರಬೇಕು ಎಂದರು.

"ಡ್ರೈವರ್ ಎರಡು ಗಂಟೆಗೊಂದು ಸಲ ಇಳೀಬೇಕು ಅಂತ ರೂಲ್ ಇದ್ಯಲ್ಲ ಸಾರ್," ಎಂದಳು ಸುಕೃತಿ.

"ಅದು ಮಾಮೂಲಿ ಕಾರಿಗೆ. ಇದ್ರಿಂದ ಇಳಿಯೋಕೇ ಮನಸ್ಸಾಗಬಾರದು ಅಂತ ತಾನೇ ನೀವು ಸೀಟ್ ಮಾಡ್ತಿರೋದು?"

ಎಲ್ಲರೂ ನಕ್ಕರು. ಸುಕೃತಿಯೂ ನಕ್ಕು ಲ್ಯಾಪ್‌ಟಾಪಿನ ಕಡೆ ತಿರುಗಿದಳು.

ಅಂದಿನಿಂದ ಮಡಿವಾಳಪ್ಪ ಬೆಳಿಗ್ಗೆ ನೀರು ಕುಡಿಯುವುದನ್ನು ಬಿಟ್ಟ. ಕುಡಿದರೆ ದಾರಿಯಲ್ಲಿ ಇಳಿಯಬೇಕಾಗುತ್ತದೆ. ಸ್ವಲ್ಪ ದಿನ ಕಳೆದ ಮೇಲೆ ಒಂದು ಸಂಜೆ ಅವನು ಕಾರಿನಿಂದ ಇಳಿದು ಎಡಗಾಲು ಎಳೆಯುತ್ತ ಬರುವುದನ್ನು ಸುಕೃತಿ ಕಂಡಳು.

"ಕಾಲಿಗೇನಾಯ್ತು?"

"ಏನಿಲ್ರಿ, ಮೀನಖಂಡ ಹಿಡದೈತಿ. ಹೊಳೆವ್ವ ಎಣ್ಣಿ ಹಚ್ಚಿ ತಿಕ್ಕತಾಳ್ರಿ, ಹೋಗತೈತಿ."

"ಎಲ್ಲಿ, ಪ್ಯಾಂಟ್ ಮೇಲೆತ್ತಿ ನೋಡೋಣ."

ನಾಚುತ್ತಲೇ ಎತ್ತಿದ. ಕಾಲು ಬಾತು ಚರ್ಮ ಬಿಗಿದಿತ್ತು. ಎರಡು ಕಾಲೂ ಒಬ್ಬನವಲ್ಲವೇನೋ ಅನ್ನುವಷ್ಟು ವ್ಯತ್ಯಾಸ.

"ಡಾಕ್ಟರ್‌ಗೆ ತೋರಿಸ್ಲೇಬೇಕು ಇದನ್ನ. ರಜ ಹಾಕಿ."

"ರಜಾ ಹಾಕಿದ್ರ ಲೋಕೇಶಗ ಗಾಡಿ ಕೊಡ್ತಾರ್ರಿ. ಇಡೀ ಚಂದಾಪುರದಾಗ ಇಂಥಾ ಗಾಡಿ ಓಡಸಾಂವ ನಾ ಒಬ್ಬನ ಅದೀನ್ರಿ ಮೇಡಂ. ಹೆಂಗ ಬಿಡ್ಲಿ?"

ಹೊಸ ಫೋಮ್ ಆ ದಿನವಷ್ಟೇ ಬಂದಿತ್ತು. ಅದನ್ನು ಕೂರಿಸಿ ಮಡಿವಾಳಪ್ಪನನ್ನೇ ಓಡಿಸಿದರೆ ಒತ್ತಡ ಇಳಿದಿದೆಯೋ ಇಲ್ಲವೋ ತಿಳಿಯುತ್ತಿತ್ತು. ಇನ್ನೊಬ್ಬ ಟೆಸ್ಟ್ ಡ್ರೈವರ್ ಲೋಕೇಶ ಎತ್ತರದ ಆಳು, ಅವನಿಂದ ಏನೂ ತಿಳಿಯುವುದಿಲ್ಲ.

"ಸರಿ, ನಾಳೆ ಒಂದಿನ ಹೋಗ್ಬಿಟ್ಟು ಬನ್ನಿ. ನಾಡಿದ್ದು ಆಸ್ಪತ್ರೆ. ತಪ್ಪಿಸ್ಕೊಳ್ಳೋ ಹಾಗಿಲ್ಲ."

"ಆತ್ರಿ," ಎಂದು ಅವನು ನಕ್ಕು ಹೋದ.

ಮರುದಿನ ಸಂಜೆ ಮರಳುತ್ತ, ಹೊಸೂರು ದಾಟಿ ಅತ್ತಿಬೆಲೆಯತ್ತ ಬರುವಾಗ ಅವನ ಕೈ ಸ್ಟೀರಿಂಗಿನಿಂದ ಜಾರಿತು. ಚಾಲಕನಿಗೆ ಎಚ್ಚರ ತಪ್ಪಿದರೆ ಏನು ಮಾಡಬೇಕೆಂಬುದನ್ನು ಆ ಕಾರಿಗೆ ಕಲಿಸಿಟ್ಟಿದ್ದರು. ಅದು ಎರಡು ಸಲ ಅವನನ್ನು ಕೂಗಿತು. ಬೆಲ್ಟನ್ನು ಬಿಗಿದು ಅಲುಗಿಸಿತು. ಉತ್ತರ ಬಾರದಿದ್ದಾಗ ವೇಗ ಇಳಿಸಿ, ಎಡಕ್ಕೆ ಸಿಗ್ನಲ್ ಹಾಕಿ, ಲಾರಿಗಳ ನಡುವೆ ದಾರಿ ಮಾಡಿಕೊಂಡು ಅಂಚಿಗೆ ಬಂದು ನಿಂತಿತು. ಬಾಗಿಲಿನ ಲಾಕ್ ತೆಗೆದು ಆಫೀಸಿಗೆ ಫೋನ್ ಮಾಡಿತು.

ಆಫೀಸಿನ ಪರದೆಯಲ್ಲಿ ಅದನ್ನು ಮೊದಲು ಕಂಡವನು ಆಕರ್ಷ್. ತಾನೇ ನಿಲ್ಲುವ ಈ ವ್ಯವಸ್ಥೆಯನ್ನು ಬರೆದ ತಂಡದ ಹುಡುಗ. ಕುರ್ಚಿಯಿಂದ ಎದ್ದೇಬಿಟ್ಟ.

"ಒಂದು ಗೀರೂ ಆಗಿಲ್ಲ ಮಗಾ! ಅಷ್ಟು ಟ್ರಾಫಿಕ್‌ನಲ್ಲಿ ಸಕ್ಕತ್ತಾಗಿ ನಿಂತ್ಕೊಂಡಿದೆ ನೋಡು!"

ಸುತ್ತಲಿನವರು ಅವನ ಬೆನ್ನು ತಟ್ಟಿದರು. ಯಾರೋ ಚಪ್ಪಾಳೆಯನ್ನೂ ಹೊಡೆದರು. ಸುಕೃತಿ ತನ್ನ ಜಾಗದಿಂದಲೇ ಕೇಳಿದಳು: "ಡ್ರೈವರ್ ಮಾತಾಡ್ತಿದ್ದಾರಾ?"

ಆಕರ್ಷ್ ಹೆಡ್‌ಫೋನ್ ಕಿವಿಗಿಟ್ಟುಕೊಂಡು ಆಲಿಸಿದ. ಅವನ ಮುಖದ ನಗು ಮೆಲ್ಲಗೆ ಆರಿತು.

ಅಂಬುಲೆನ್ಸ್ ಆಸ್ಪತ್ರೆ ಮುಟ್ಟುವ ಮೊದಲೇ ಮಡಿವಾಳಪ್ಪ ಹೋಗಿದ್ದ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲೇರಿ ಶ್ವಾಸಕೋಶಕ್ಕೆ ಸಿಕ್ಕಿಕೊಂಡಿದೆ, ಹೆಚ್ಚು ಹೊತ್ತು ಅಲುಗಾಡದೆ ಕೂತವರಿಗೆ ಹೀಗಾಗುವುದುಂಟು ಎಂದರು ಡಾಕ್ಟರು.

ಹೊಳೆವ್ವ ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಸುಕೃತಿ ಪಕ್ಕದಲ್ಲಿ ಕೂತಾಗ ಅವಳ ಮುಖ ನೋಡದೆ ಕೇಳಿದಳು.

"ಕಾಲಾಗಿನ ರಕ್ತ ಮ್ಯಾಲ ಬಂದೈತಿ ಅಂದ್ರು. ನಿನ್ನಿ ರಾತ್ರಿ ನಾ ಎಣ್ಣಿ ಹಚ್ಚಿ ಜೋರ್ ತಿಕ್ಕೀನ್ರಿ. ಅದರಿಂದ ಆತೇನ್ರಿ?"

ತಿಕ್ಕಿದ್ದರಿಂದ ಹೆಪ್ಪು ಕಳಚಿ ಮೇಲೇರಿರಲೂಬಹುದೆಂದು, ಸುಕೃತಿ ಕೇಳಿದಾಗ ಡಾಕ್ಟರು ಆಗಲೇ ಹೇಳಿದ್ದರು.

"ಇಲ್ಲ," ಎಂದಳು ಅವಳು. "ನಿಮ್ಮಿಂದ ಅಲ್ಲ. ಖಂಡಿತ ಅಲ್ಲ."

ಹೊಳೆವ್ವ ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಎಣ್ಣೆಯ ವಾಸನೆ ಇನ್ನೂ ಉಳಿದಿದ್ದ ಎರಡು ಅಂಗೈಗಳನ್ನೂ ಸೀರೆಯ ಸೆರಗಿನಲ್ಲಿ ಸುತ್ತಿಕೊಂಡಳು.

ಎರಡು ದಿನದ ನಂತರ ಶ್ರೀಧರ್ ಸುಕೃತಿಯನ್ನು ಕೋಣೆಗೆ ಕರೆದರು. ಸಾವಿನ ಬಗ್ಗೆ ಕಂಪನಿಯ ವಿಚಾರಣೆ ಮುಂದಿತ್ತು.

"ಸೀಟ್ ಹೇಗಿದೆ ಅಂತ ಕೇಳಿದಾಗೆಲ್ಲ ಅವ್ನು ಚೆನ್ನಾಗಿದೆ ಅಂತಾನೇ ಹೇಳ್ತಿದ್ನಲ್ಲ? ಅಷ್ಟೇ ಹೇಳಿ ಸಾಕು. ಅದ್ರಲ್ಲಿ ಸುಳ್ಳೇನಿಲ್ವಲ್ಲ."

"ನಿಲ್ಲಿಸಬೇಡ ಅಂತ ನೀವು ಹೇಳಿದ್ದನ್ನೂ ಹೇಳ್ತೀನಿ ಸಾರ್. ಅವ್ರ ಕಾಲು ನೋಡಿಯೂ ನಾನು ಕಳಿಸಿದ್ದನ್ನೂ ಹೇಳ್ತೀನಿ."

ಶ್ರೀಧರ್ ಎದ್ದು ಕೋಣೆಯ ಬಾಗಿಲು ಮುಚ್ಚಿದರು. "ನಿಮ್ಮ ಹೆಸರೂ ಹಾಳಾಗತ್ತೆ ಕಣ್ರೀ. ಯೋಚ್ನೆ ಮಾಡಿ."

ವಿಚಾರಣೆಯಲ್ಲಿ ಅವಳು ಎರಡನ್ನೂ ಹೇಳಿದಳು. ಆದರೂ ಸಹಜ ಕಾಯಿಲೆಯಿಂದಾದ ಸಾವು ಎಂದು ಅದು ಮುಗಿಯಿತು. ಸುಕೃತಿಯನ್ನು ಮೊದಲು ಸೀಟಿನ ತಂಡದಿಂದ ತೆಗೆದು, ಆಮೇಲೆ ಅವಳೇ ಬಿಟ್ಟು ಹೋಗುವಂತೆ ಮಾಡಿದರು. ಕಾರಿಗೆ ಹೆಸರು ಬಂತು. ತಗ್ಗಿದ ಆ ಚಾವಣಿಯನ್ನು ಪತ್ರಿಕೆಗಳು ಬಾಯ್ತುಂಬ ಹೊಗಳಿದವು. ಚಾಲಕ ಎಚ್ಚರ ತಪ್ಪಿದರೆ ತಾನೇ ನಿಲ್ಲುವ ಗುಣಕ್ಕೆ ಒಂದು ಪ್ರಶಸ್ತಿಯೂ ಸಿಕ್ಕಿತು.

ಅಷ್ಟರಲ್ಲಿ ಹೊಳೆವ್ವ ಚಂದಾಪುರದ ಮನೆ ಬಿಟ್ಟು ಹೆಬ್ಬಗೋಡಿಯ ಒಂದು ಕೋಣೆಗೆ ಬಂದು ಗಾರ್ಮೆಂಟ್ಸ್ ಸೇರಿದ್ದಳು. ಅಲ್ಲಿನ ಕಾರ್ಮಿಕರ ಒಕ್ಕೂಟದ ವಕೀಲರು ಅವಳ ಪರವಾಗಿ ಕಾರಿನ ಕಂಪನಿಯ ಮೇಲೆ ಕೇಸು ಹಾಕಿದ್ದರು. ಸುಕೃತಿ ಸಾಕ್ಷಿ ಹೇಳಲು ಒಪ್ಪಿದ್ದಳು. ಅದಕ್ಕೆ ಮೊದಲು ಎಲ್ಲವನ್ನೂ ಹೊಳೆವ್ವನಿಗೆ ತಾನೇ ಹೇಳಬೇಕೆಂದು ಒಂದು ಭಾನುವಾರ ಹುಡುಕಿಕೊಂಡು ಹೋದಳು. ಬಾಗಿಲಲ್ಲಿ ನಿಂತೇ ಹೇಳಿದಳು: ಕಾಲು ಬಾತಿದ್ದು ನೋಡಿದ್ದು, ಇನ್ನೊಂದು ದಿನ ಹೋಗಿ ಬನ್ನಿ ಎಂದದ್ದು, ಹಾಗೆ ಎಂದದ್ದು ಯಾಕೆ ಎಂಬುದು.

ಹೊಳೆವ್ವ ಪೂರ್ತಿ ಕೇಳಿಸಿಕೊಂಡಳು.

"ನಾ ತಿಕ್ಕಿದ್ದು?" ಎಂದಳು ಕೊನೆಗೆ. "ಅದರ ಬಗ್ಗೆ ಖರೇ ಹೇಳ್ರಿ."

"ಅದ್ರಿಂದಲೂ ಆಗಿರಬಹುದು ಅಂದಿದ್ರು ಡಾಕ್ಟ್ರು," ಎಂದಳು ಸುಕೃತಿ.

ಹೊಳೆವ್ವ ಬಾಗಿಲ ಚೌಕಟ್ಟಿಗೆ ಒರಗಿದಳು. ಪಕ್ಕದ ಮನೆಯ ಮಗು ಅಳುತ್ತಿತ್ತು.

"ಕೋರ್ಟಿಗೆ ಬಂದು ಹೇಳ್ರಿ," ಎಂದಳು ಹೊಳೆವ್ವ. "ಎಲ್ಲಾ ಹೇಳ್ರಿ. ಮನಿಗೆ ಮಾತ್ರ ಇನ್ನೊಮ್ಮೆ ಬರಬ್ಯಾಡ್ರಿ ಮೇಡಂ. ನಿಮ್ಮ ಮುಖ ನೋಡಾಕ ನನಗ ಆಗಂಗಿಲ್ಲ."

"ಆಯ್ತು," ಎಂದಳು ಸುಕೃತಿ.

ಹೊಳೆವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸುಕೃತಿ ಕಿರಿದಾದ ಮೆಟ್ಟಿಲುಗಳನ್ನು ಗೋಡೆ ಹಿಡಿದುಕೊಂಡು ಇಳಿದು ಬಸ್‌ಸ್ಟಾಪಿನ ಕಡೆ ನಡೆದಳು.