ನಾಲ್ಕನೆಯ ಗುಳಿ

ಕಾಂತಿ ಚೆನ್ನೆಮಣೆಯೆಂಬ ಆಟದ ಹಲಗೆಯ ಮೂರನೆಯ ಗುಳಿಯಲ್ಲಿದ್ದ ಕೆಂಪು ಮಂಜೊಟ್ಟಿ ಬೀಜವನ್ನು ಎತ್ತಿ, ಎರಡು ಸಲ ಹೊರಳಿಸಿದ ಲೆಕ್ಕಕ್ಕೆ, ಐದನೆಯದಕ್ಕೆ ಹಾಕಿದಳು. ಆದರೆ ಹಾಸಿಗೆಯಲ್ಲಿದ್ದ ನೀಲಾವತಿಯಮ್ಮನನ್ನು ಒಮ್ಮೆಯೂ ಮಗ್ಗುಲು ಹೊರಳಿಸಲಿಲ್ಲ. ಊಟದ ಮೇಲಿನ ಜೊಂಪು ಅವಳ ಕಣ್ಣನ್ನು ಎಳೆಯುತ್ತಿತ್ತು. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡ ಮುದುಕಿ ಯಾರಿಗೆ ದೂರು ಹೇಳಿಯಾಳು?

ವೇಣೂರಿನ ಆ ಮನೆಗೆ ಕಾಂತಿ ಆರೈಕೆಗೆಂದು ಬಂದು ಹತ್ತೇ ದಿನವಾಗಿತ್ತು. ಅವಳಿಗಿಂತ ಮುಂಚೆ ಅಲ್ಲಿದ್ದವಳು ಅಮ್ಮಣಿ. ಏಳು ವರ್ಷ ರೋಗಿಯ ಬೆನ್ನಿನಲ್ಲಿ ಒಂದು ಹುಣ್ಣೂ ಏಳದಂತೆ ಕಾಪಾಡಿ, ಕಳೆದ ತಿಂಗಳು ತೀರಿಕೊಂಡಿದ್ದಳು. ಗಡಿಯಾರ ನೋಡಲು ಬಾರದ ಅಮ್ಮಣಿ ಹಾಸಿಗೆಯ ಬಳಿ ಚೆನ್ನೆಮಣೆ ಇಟ್ಟುಕೊಂಡು, ಒಮ್ಮೆ ಹೊರಳಿಸಿದರೆ ಬೀಜವನ್ನು ಒಂದು ಗುಳಿ ಮುಂದೆ ಸರಿಸುತ್ತಿದ್ದಳು. ಈಗ ಕಾಂತಿಗೂ ಅದೇ ಲೆಕ್ಕ.

"ಆಟಿ ತಿಂಗಳು ಕಳೆದ ಮೇಲೆ ಚೆನ್ನೆಮಣೆ ಹೊರಗಿಡಬಾರದಲ್ಲ ಅಕ್ಕ? ಸತ್ತವರು ಆಡ್ಲಿಕ್ಕೆ ಬರ್ತಾರಂತೆ!" ಎಂದು ಕಾಂತಿ ಮೊದಲ ದಿನವೇ ನಕ್ಕಿದ್ದಳು.

"ನಾನೂ ಹೇಳಿದ್ದೆ. 'ಇದು ಆಟ ಅಲ್ಲ ಮಾರಾಯ್ತಿ, ಕೆಲಸ' ಅಂತ ನನಗೇ ಜೋರು ಮಾಡಿದ್ರು ಅಮ್ಮಣಿಯಕ್ಕ," ಎಂದಿದ್ದಳು ಶಾಲೆಗೆ ಹೊರಟಿದ್ದ ಸೊಸೆ ವಿನೋದಾ ಟೀಚರು.

"ಗೋಡೆಯಲ್ಲಿ ಗಡಿಯಾರ ಉಂಟಲ್ಲ?"

"ಗಡಿಯಾರಕ್ಕೆ ಅತ್ತೆಯ ಬೆನ್ನು ಕಾಣ್ತದಾ? ಒಂದು ಹುಣ್ಣು ಎದ್ದರೆ ಮತ್ತೆ ಇವರು ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ, ನೆನಪಿರಲಿ."

ಕಾಂತಿಗೆ ಎಚ್ಚರವಾದಾಗ ಗಂಟೆ ನಾಲ್ಕು. ಬಾಗಿಲಿಗೆ ಒಳಗಿನಿಂದ ತಾನೇ ಹಾಕಿದ ಅಗುಳಿ ಹಾಗೆಯೇ ಇತ್ತು. ಬಿಸಿಲು ಹೊಸ್ತಿಲಿನಿಂದಾಚೆ ಸರಿದಿತ್ತು. ಚೆನ್ನೆಮಣೆಯ ಐದನೆಯ ಗುಳಿ ಬರಿದಾಗಿತ್ತು. ಬೀಜ ಮೂರನೆಯದರಲ್ಲಿ, ಮಧ್ಯಾಹ್ನ ಇದ್ದಲ್ಲಿಯೇ ಕೆಂಪಗೆ ಕುಳಿತಿತ್ತು.

ಕಾಂತಿ ದಡಬಡನೆ ಎದ್ದಳು. ಮುದುಕಿಯನ್ನು ಹೊರಳಿಸಿ ಸೀರೆ ಸರಿಸಿದಳು. ಸೊಂಟದ ಎಲುಬಿನ ಮೇಲೆ ಅಂಗೈಯಗಲ ಕೆಂಪಾಗಿ ಚರ್ಮ ಬಿಸಿಯೇರಿತ್ತು, ಒಡೆದಿರಲಿಲ್ಲ.

"ತಪ್ಪಾಯ್ತು ದೊಡ್ಡಮ್ಮ... ಇನ್ನು ಮಾಡುವುದಿಲ್ಲ."

ಒದ್ದೆ ಬಟ್ಟೆಯಿಂದ ಮೆಲ್ಲನೆ ಒರೆಸಿದಳು. ಆ ಜಾಗಕ್ಕೆ ಭಾರ ಬೀಳದಂತೆ ಬೆನ್ನಿಗೆ ಹಳೆಯ ಸೀರೆಯ ಸುರುಳಿಯನ್ನು ಒತ್ತಾಗಿಟ್ಟಳು. ನೀಲಾವತಿಯಮ್ಮ ಅವಳನ್ನು ನೋಡುತ್ತಿರಲಿಲ್ಲ. ಅವರ ದೃಷ್ಟಿ ಕಾಂತಿಯ ಹೆಗಲಾಚೆ, ಚೆನ್ನೆಮಣೆ ಇದ್ದ ಕಡೆ ನೆಟ್ಟಿತ್ತು. ಬಹುದಿನದ ಪರಿಚಯದವರನ್ನು ಕಂಡಾಗಿನ ನೆಮ್ಮದಿ ಅದರಲ್ಲಿತ್ತು.

ಕಾಂತಿಯ ಎರಡೂ ಕೈಗಳು ಇನ್ನೂ ಮುದುಕಿಯ ಬೆನ್ನಿನ ಮೇಲೇ ಇದ್ದವು.

ಹಿಂದುಗಡೆ, ಚೆನ್ನೆಮಣೆಯ ಗುಳಿಯೊಳಗೆ ಬೀಜ ಟಕ್ಕೆಂದು ಬಿತ್ತು.

ಅವಳು ತಿರುಗಲಿಲ್ಲ; ಅದು ಎಷ್ಟನೆಯ ಗುಳಿಯೆಂದು ಅವಳಿಗೆ ಗೊತ್ತಿತ್ತು. ಸೀರೆಯ ಸುರುಳಿಯನ್ನು ಇನ್ನೊಮ್ಮೆ ಸರಿಪಡಿಸಿದಳು.